ಮರೆತವರ ಪಕ್ಕದಲ್ಲಿ ಕೂತವರು

ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಕಾರ್ಲ್ ಡೇಟರ್ ಎಂಬ ರೈಲ್ವೆ ಗುಮಾಸ್ತನಿದ್ದ. 1901ರಲ್ಲಿ ಅವನ ಹೆಂಡತಿ ಆಗಸ್ಟೆಗೆ ಇದ್ದಕ್ಕಿದ್ದಂತೆ ಗಂಡನ ಮೇಲೆ ಅನುಮಾನ ಹುಟ್ಟಿತು. ನೆರೆಮನೆಯವಳ ಜೊತೆ ಓಡಾಡುತ್ತೀಯ ಎಂದು ಜಗಳ ತೆಗೆದಳು. ಕೆಲವೇ ತಿಂಗಳಲ್ಲಿ ಅಡುಗೆ ಕೆಟ್ಟಿತು, ಮನೆಯ ಸಾಮಾನು ಎಲ್ಲೆಲ್ಲೋ ಬಚ್ಚಿಟ್ಟುಕೊಂಡಿತು, ರಾತ್ರಿಗಳು ಗದ್ದಲವಾದವು. ನವೆಂಬರ್ ಹೊತ್ತಿಗೆ ಕಾರ್ಲ್ ಸೋತ. ಊರಿನ ಮಾನಸಿಕ ಆಸ್ಪತ್ರೆಗೆ ಅವಳನ್ನು ಸೇರಿಸಿದ. ಆಗ ಅವಳಿಗೆ 51 ವರ್ಷ.

ಅಲ್ಲಿ ಅವಳನ್ನು ಪರೀಕ್ಷಿಸಿದ ವೈದ್ಯರ ಹೆಸರು ಅಲೋಯಿಸ್ ಆಲ್ಝೈಮರ್. ಗಂಡನ ಹೆಸರೇನು ಎಂದು ಅವರು ಕೇಳಿದರೆ ಆಗಸ್ಟೆ ತನ್ನ ಹೆಸರನ್ನೇ ಹೇಳಿದಳು. 1906ರ ಏಪ್ರಿಲ್‌ನಲ್ಲಿ ಅವಳು ತೀರಿಕೊಂಡಳು. ಅದೇ ವರ್ಷ ನವೆಂಬರ್‌ನಲ್ಲಿ ಆಲ್ಝೈಮರ್ ಟ್ಯೂಬಿಂಗನ್ ನಗರದ ಸಭೆಯೊಂದರಲ್ಲಿ ಅವಳ ಮಿದುಳಿನಲ್ಲಿ ಕಂಡದ್ದನ್ನು ವಿವರಿಸಿದರು. ವೈದ್ಯರ ಹೆಸರು ಕಾಯಿಲೆಗೆ ಅಂಟಿಕೊಂಡಿತು, ಆಗಸ್ಟೆಯ ಫೋಟೊ ಪಠ್ಯಪುಸ್ತಕ ಸೇರಿತು. ಗುಮಾಸ್ತನ ಸಂಬಳದಲ್ಲಿ ವರ್ಷಗಟ್ಟಲೆ ಆಸ್ಪತ್ರೆಯ ಖರ್ಚು ತೂಗಿಸಲು ಒದ್ದಾಡಿದ ಗಂಡನನ್ನು ಮಾತ್ರ ಯಾರೂ ನೆನಪಿಟ್ಟುಕೊಳ್ಳಲಿಲ್ಲ. ಮರೆವಿನ ಕಾಯಿಲೆಯ ಚರಿತ್ರೆ ಮೊದಲು ಮರೆತದ್ದು ಅವನನ್ನೇ.

ನೂರಿಪ್ಪತ್ತು ವರ್ಷ ಕಳೆದರೂ ಈ ವಿಷಯದಲ್ಲಿ ಹೆಚ್ಚೇನೂ ಬದಲಾಗಿಲ್ಲ. ಮನೆಗೆ ಬಂದವರು "ಯಜಮಾನರು ಹೇಗಿದ್ದಾರೆ?" ಎಂದು ಕೇಳುತ್ತಾರೆ. ಕಾಫಿ ಲೋಟ ಹಿಡಿದು ಅಡುಗೆಮನೆಯಿಂದ ಬರುವ, ಮೂರು ರಾತ್ರಿಯಿಂದ ನಿದ್ದೆ ಕಾಣದ ಎಪ್ಪತ್ತರ ಹೆಂಗಸು ಹೇಗಿದ್ದಾಳೆ ಎಂದು ಕೇಳುವವರು ಅಪರೂಪ.

ನಮ್ಮಲ್ಲಿ ಈ ಕಾಯಿಲೆಗೆ ಗಾದೆಯೇ ಇದೆ: ಅರವತ್ತಕ್ಕೆ ಅರಳು ಮರಳು. ಬೇಂದ್ರೆಯವರು ಅದನ್ನೇ ತಿರುಗಿಸಿ, ಮರಳಿ ಅರಳುವ ಅರ್ಥ ಹೊರಡಿಸಿ ತಮ್ಮ ಕವನಗಳ ಸಂಪುಟಕ್ಕೆ ಹೆಸರಾಗಿಟ್ಟರು. 1958ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಕವಿಯ ಕೈಯಲ್ಲಿ ಗಾದೆ ಹೂವಾಯಿತು. ಮನೆಗಳಲ್ಲಿ ಅದು ಮಾಡಿದ್ದು ಹಾನಿಯೇ ಹೆಚ್ಚು. ವಯಸ್ಸಾಯ್ತಲ್ಲ, ಮರೆವು ಸಹಜ ಎಂದುಕೊಂಡು ಎರಡು ಮೂರು ವರ್ಷ ಡಾಕ್ಟರ ಹತ್ತಿರ ಹೋಗದವರು ಎಷ್ಟೋ ಮಂದಿ. ಕನ್ನಡಕ ಎಲ್ಲಿಟ್ಟೆ ಎಂದು ಮರೆಯುವುದು ವಯಸ್ಸಿನ ಮರೆವು. ಕೈಯಲ್ಲಿರುವ ಕನ್ನಡಕ ಯಾತಕ್ಕೆ ಎಂದು ತಿಳಿಯದಿರುವುದು ಬೇರೆಯೇ ಸಂಗತಿ. ಮೂವತ್ತು ವರ್ಷ ಲೆಕ್ಕ ಬರೆದವರು ಹಾಲಿನವನಿಗೆ ಚಿಲ್ಲರೆ ಕೊಡಲು ತಡಕಾಡಿದರೆ, ನಿತ್ಯ ಹೋಗುವ ದೇವಸ್ಥಾನದಿಂದ ಮನೆಗೆ ದಾರಿ ತಪ್ಪಿದರೆ, ಅದು ಗಾದೆಗೆ ಸೇರುವ ಮರೆವಲ್ಲ. ಬಿ12 ವಿಟಮಿನ್ ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ಬಿದ್ದು ತಲೆಗೆ ಪೆಟ್ಟಾಗಿ ನಿಧಾನವಾಗಿ ಕಟ್ಟಿಕೊಂಡ ರಕ್ತ, ಇವೂ ಮರೆವಿನ ವೇಷದಲ್ಲಿ ಬರುತ್ತವೆ. ಇವಕ್ಕೆ ಮದ್ದಿದೆ. ಬೇಗ ತೋರಿಸಬೇಕಾದ ಮೊದಲ ಕಾರಣ ಅದು.

ಎರಡನೆಯ ಕಾರಣ, ಜೊತೆಗಿರುವವರಿಗೆ ಅಣಿಯಾಗಲು ಸಮಯ ಸಿಗುತ್ತದೆ.

ದೇಶದಲ್ಲಿ 60 ದಾಟಿದವರ ಪೈಕಿ ಶೇಕಡಾ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ, ಅಂದರೆ ಆಲ್ಝೈಮರ್‌ನಂಥ ಮರೆವಿನ ಕಾಯಿಲೆ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನದ ಅಂದಾಜು. ಇದು ಪೇಟೆಯ ಕಾಯಿಲೆ ಎಂಬ ನಂಬಿಕೆಗೆ ವಿರುದ್ಧವಾಗಿ ಹಳ್ಳಿಗಳಲ್ಲೇ ಪ್ರಮಾಣ ಹೆಚ್ಚು ಕಂಡುಬಂತು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಮಾವಿಗೆ ಹೆಸರಾದ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು ಹತ್ತು ಸಾವಿರ ಜನರನ್ನು ದೀರ್ಘಕಾಲ ಗಮನಿಸುವ ಯೋಜನೆ ಹಾಕಿಕೊಂಡಿರುವುದು ಇಂಥ ಪ್ರಶ್ನೆಗಳಿಗೆ ಉತ್ತರ ಹುಡುಕಲೆಂದೇ. ನಾಳೆಯ ಮದ್ದು ಅಲ್ಲಿಂದ ಬಂದೀತು. ಇವತ್ತಿನ ರಾತ್ರಿಯನ್ನು ದಾಟಿಸಬೇಕಾದವರು ಮನೆಯಲ್ಲಿದ್ದಾರೆ.

ಕನ್ನಡದಲ್ಲಿ ಈ ಕಾಯಿಲೆಯನ್ನು ಜನರ ಬಾಯಿಗೆ ತಂದದ್ದು ಒಂದು ಸಿನಿಮಾ, 2016ರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು'. ಕಾಣೆಯಾದ ತಂದೆಯಾಗಿ ಅನಂತ್ ನಾಗ್, ಹುಡುಕುವ ಮಗನಾಗಿ ರಕ್ಷಿತ್ ಶೆಟ್ಟಿ. ಒಳ್ಳೆಯ ಚಿತ್ರ. ಆದರೆ ಅದು ಮಗನ ಕಥೆ. ಮಗನಿಗೆ ಆಫೀಸಿದೆ, ಪ್ರಾಯವಿದೆ, ಮುಂದೆ ಬದುಕಿದೆ. ಗಂಡ ಹೆಂಡತಿಯ ನಡುವೆ ಈ ಕಾಯಿಲೆ ಬಂದು ಕೂತರೆ ಕಥೆಯೇ ಬೇರೆ. ನೋಡಿಕೊಳ್ಳುವವರಿಗೂ ಅದೇ ವಯಸ್ಸು, ಅವರದೇ ಸಕ್ಕರೆ ಕಾಯಿಲೆ, ಅವರದೇ ಮಂಡಿ ನೋವು. ಕಷ್ಟ ಹೇಳಿಕೊಳ್ಳಲು ನಲವತ್ತು ವರ್ಷ ಯಾರ ಹೆಗಲಿತ್ತೋ ಅವರೇ ಈಗ ಕಷ್ಟವಾಗಿದ್ದಾರೆ.

ಮೊದಲ ಹಂತದಲ್ಲಿ ಜೋಡಿಗಳು ಮಾಡುವ ಕೆಲಸ ಮುಚ್ಚಿಡುವುದು. ಮದುವೆ ಮನೆಯಲ್ಲಿ ಯಾರೋ ಎದುರು ಬಂದರೆ, ಗಂಡ ತಡವರಿಸುವ ಮೊದಲೇ ಹೆಂಡತಿ, "ಅಯ್ಯೋ, ನಮ್ಮ ತುಮಕೂರಿನ ಭಾವನವರಲ್ವಾ" ಎಂದು ಸುಳಿವು ಎಸೆಯುತ್ತಾಳೆ. ಬ್ಯಾಂಕಿನ ಚೀಟಿ ತಾನೇ ತುಂಬುತ್ತಾಳೆ. ಹೆಂಡತಿಗೆ ಕಾಯಿಲೆಯಾದರೆ ಗಂಡ ಸಾರಿಗೆ ಉಪ್ಪು ಎರಡು ಸಲ ಬಿದ್ದದ್ದನ್ನು ಬಾಯಿಬಿಡದೆ ಉಣ್ಣುತ್ತಾನೆ. ಅದರ ಹಿಂದೆ ಪ್ರೀತಿ ಇದೆ, ಮರ್ಯಾದೆಯ ಭಯವೂ ಇದೆ. ಆದರೆ ಹೀಗೆ ಮುಚ್ಚಿಟ್ಟಷ್ಟೂ ಮಕ್ಕಳಿಗೆ ತಿಳಿಯುವುದು ತಡವಾಗುತ್ತದೆ. ಹಬ್ಬಕ್ಕೆ ಎರಡು ದಿನ ಬಂದುಹೋಗುವ ಮಗಳಿಗೆ ಅಪ್ಪ ಚೆನ್ನಾಗಿಯೇ ಕಾಣುತ್ತಾರೆ. ಅಮ್ಮನೇ ಸಿಡಿಮಿಡಿ ಮಾಡುತ್ತಾಳೆ ಅನ್ನಿಸುತ್ತದೆ.

ಆಮೇಲೆ ಸಂಜೆಗಳು ಬರುತ್ತವೆ. ಈ ಕಾಯಿಲೆ ಇರುವ ಬಹಳಷ್ಟು ಮನೆಗಳಲ್ಲಿ ಹೊತ್ತು ಮುಳುಗುವಾಗ ಕಿರಿಕಿರಿ ಏರುತ್ತದೆ. ದಿನವಿಡೀ ಸುಮ್ಮನಿದ್ದವರು ಎದ್ದು ಚಪ್ಪಲಿ ಹುಡುಕುತ್ತಾರೆ. "ಮನೆಗೆ ಹೋಗೋಣ ಬಾ." ತಾವೇ ಕಟ್ಟಿಸಿದ, ಸಾಲ ತೀರಿಸಿದ, ಗೃಹಪ್ರವೇಶದ ಫೋಟೊ ಗೋಡೆಯಲ್ಲಿರುವ ಮನೆಯಲ್ಲಿ ನಿಂತು ಹಾಗೆನ್ನುತ್ತಾರೆ. "ಇದೇ ನಮ್ಮ ಮನೆ ಕಣ್ರೀ" ಎಂದು ಹೇಳಿದರೆ ಒಪ್ಪುವುದಿಲ್ಲ. ಮನೆಪತ್ರ ತಂದು ತೋರಿಸಿದರೂ ಅಷ್ಟೇ. ಹತ್ತು ಸಲ ಹೇಳಿದ ಮೇಲೆ ಹನ್ನೊಂದನೆಯ ಸಲಕ್ಕೆ ದನಿ ಏರುತ್ತದೆ. ಅವರಿಗೆ ಮಾತು ಮರೆತುಹೋಗುತ್ತದೆ, ದನಿಯ ಬಿರುಸು ಉಳಿಯುತ್ತದೆ.

ಅನುಭವಿಗಳು ಕಲಿತ ದಾರಿ ಬೇರೆ. ಅವರು ವಾದಿಸುವುದಿಲ್ಲ. "ಹೋಗೋಣ, ಒಂದು ಲೋಟ ಕಾಫಿ ಕುಡಿದು ಹೊರಡೋಣ" ಅನ್ನುತ್ತಾರೆ. ಆಮೇಲೆ, "ನಿಮ್ಮ ಮನೆ ಹಿತ್ತಲಲ್ಲಿ ಏನೇನು ಮರ ಇತ್ತು?" ಎಂದು ಕೇಳುತ್ತಾರೆ. ಐದನೇ ಕ್ಲಾಸಿನ ಹುಡುಗ ಹತ್ತುತ್ತಿದ್ದ ಹಲಸಿನ ಮರ, ಕೊಟ್ಟಿಗೆಯಲ್ಲಿದ್ದ ಹಸುವಿನ ಹೆಸರು ಒಂದೊಂದಾಗಿ ಬರುತ್ತವೆ. ನಿನ್ನೆಯದು ಅಳಿಸಿಹೋದರೂ ಅರವತ್ತು ವರ್ಷ ಹಿಂದಿನದು ಇನ್ನೂ ಇರುತ್ತದೆ. ಅವರು ಕೇಳುತ್ತಿದ್ದದ್ದು ಇಟ್ಟಿಗೆಯ ಮನೆಯನ್ನಲ್ಲ, ಭದ್ರ ಅನ್ನಿಸಿದ್ದ ಒಂದು ಕಾಲವನ್ನು. ಬೀದಿಯ ಕೊನೆಯವರೆಗೆ ನಡೆದು ವಾಪಸ್ಸು ಬಂದರೆ, "ಬಂದೆವಲ್ಲ ಮನೆಗೆ" ಎಂದು ತಾವೇ ಹೇಳುವುದೂ ಉಂಟು. ಇದು ಸುಳ್ಳು ಹೇಳಿದಂತಲ್ಲವೇ ಎಂದು ಕೆಲವರಿಗೆ ಕಸಿವಿಸಿ. ಸತ್ತುಹೋದ ತಾಯಿಯನ್ನು ಕೇಳಿದಾಗಲೆಲ್ಲ ಸಾವಿನ ಸುದ್ದಿ ಹೇಳಿದರೆ, ಅವರಿಗೆ ಪ್ರತಿ ಸಲವೂ ಅದು ಹೊಸ ಸಾವು. ಅಂಥ ಸತ್ಯ ಯಾರ ಉಪಕಾರಕ್ಕೆ?

ಸಂಜೆ ಕತ್ತಲಾಗುವ ಮೊದಲೇ ದೀಪ ಹಾಕುವುದು, ಮಧ್ಯಾಹ್ನದ ನಿದ್ದೆ ಚಿಕ್ಕದಾಗಿಸುವುದು, ಹಗಲು ಒಂದಷ್ಟು ನಡೆಸುವುದು, ಟಿವಿಯ ಜಗಳದ ಚರ್ಚೆ ಆರಿಸಿ ಹಳೆಯ ಹಾಡು ಹಾಕುವುದು, ಇವು ಮಾತ್ರೆಗಿಂತ ಹೆಚ್ಚು ಕೆಲಸ ಮಾಡುವ ದಿನಗಳಿವೆ. ನಿದ್ದೆ ಬರಲಿ, ಸುಮ್ಮನಿರಲಿ ಎಂದು ಕೊಡುವ ಕೆಲವು ಮನೋವಿಕಾರದ ಔಷಧಗಳು ಡಿಮೆನ್ಷಿಯಾ ಇರುವ ಹಿರಿಯರಲ್ಲಿ ಸಾವಿನ ಅಪಾಯ ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿದೆ. ಅವನ್ನು ತಜ್ಞರ ಸಲಹೆಯಿಲ್ಲದೆ ಮುಂದುವರಿಸಬಾರದು. ಒಂದೆರಡು ದಿನದಲ್ಲೇ ಗೊಂದಲ ಏಕಾಏಕಿ ಏರಿದರೆ ಕಾಯಿಲೆ ಮುಂದಿನ ಹಂತಕ್ಕೆ ಹೋಯಿತೆಂದು ಕೈಚೆಲ್ಲಬಾರದು. ಮೂತ್ರದ ಸೋಂಕೋ, ಮಲಬದ್ಧತೆಯೋ, ನೀರು ಕಡಿಮೆಯಾಗಿದ್ದೋ ಇರಬಹುದು.

ಆಗಸ್ಟೆಯ ಅನುಮಾನ ಇವತ್ತಿಗೂ ಹಾಗೇ ಬರುತ್ತದೆ. ಎಪ್ಪತ್ತೈದರ ಗಂಡ, "ಹಾಲಿನವನ ಜೊತೆ ಏನು ಮಾತು?" ಎಂದು ಕೇಳುತ್ತಾನೆ. ಬಳೆ ಕದ್ದವನು ಗಂಡನೇ ಎಂದು ಹೆಂಡತಿ ಬೀದಿಗೆ ಸಾರುತ್ತಾಳೆ. ಬಳೆ ಅಕ್ಕಿ ಡಬ್ಬದಲ್ಲಿರುತ್ತದೆ. ಜೀವಮಾನವಿಡೀ ಒಂದು ಒರಟು ಮಾತಾಡದವರ ಬಾಯಲ್ಲಿ ಬೈಗುಳ ಬರುವುದುಂಟು. ಇದು ಒಳಗೆ ಅಡಗಿದ್ದ ಗುಣ ಹೊರಗೆ ಬಂದದ್ದೇನೋ ಎಂಬ ಹುಳು ಜೊತೆಗಾರರ ಮನಸ್ಸನ್ನು ಕೊರೆಯುತ್ತದೆ. ಹಾಗಲ್ಲ. ಇಟ್ಟ ಜಾಗ ನೆನಪಿಲ್ಲ ಎಂಬ ಖಾಲಿ ಜಾಗವನ್ನು ಮಿದುಳು ಕಳ್ಳತನದ ಕಥೆಯಿಂದ ತುಂಬುತ್ತದೆ, ಅಷ್ಟೇ. ಹತ್ತಿರ ಇದ್ದವರೇ ಆ ಕಥೆಯ ಕಳ್ಳರಾಗುತ್ತಾರೆ.

ಸ್ನಾನ ಇನ್ನೊಂದು ಯುದ್ಧಭೂಮಿ. ತಲೆ ಮೇಲೆ ನೀರು ಬಿದ್ದರೆ ಹೆದರುವವರಿಗೆ ಕಾಲಿನಿಂದ ಶುರುಮಾಡಿ ಚೊಂಬಿನಲ್ಲಿ ನಿಧಾನವಾಗಿ ಹಾಕುತ್ತಾ ಬರಬೇಕು. ಬೇಡ ಎಂದು ಹಟ ಹಿಡಿದ ದಿನ ಬಿಸಿನೀರಲ್ಲಿ ಅದ್ದಿದ ಬಟ್ಟೆಯಲ್ಲಿ ಒರೆಸಿದರೆ ಆಕಾಶ ಬೀಳುವುದಿಲ್ಲ. ಪಂಚೆಯ ಬದಲು ಎಲಾಸ್ಟಿಕ್ ಪೈಜಾಮ, ಸೀರೆಯ ಬದಲು ಮುಂದೆ ಜಿಪ್ ಇರುವ ನೈಟಿ, ಬಚ್ಚಲಿಗೆ ಒಳಗಿನಿಂದ ಚಿಲಕ ಬೇಡ, ಗ್ಯಾಸಿನ ರೆಗ್ಯುಲೇಟರು ರಾತ್ರಿ ಬಂದ್, ಜೇಬಿನಲ್ಲಿ ಫೋನ್ ನಂಬರು ಬರೆದ ಚೀಟಿ. ಇಂಥ ಪಾಠಗಳನ್ನು ಯಾವ ಆಸ್ಪತ್ರೆಯೂ ಚೀಟಿಯಲ್ಲಿ ಬರೆದುಕೊಡುವುದಿಲ್ಲ. ಒಬ್ಬೊಬ್ಬರೂ ಬಿದ್ದು ಎದ್ದು ಕಲಿಯುತ್ತಾರೆ.

ಬೀಳುವುದೂ ನಿಜವೇ. ನೂರಿಪ್ಪತ್ತನೆಯ ಸಲ ಅದೇ ಪ್ರಶ್ನೆ ಬಂದಾಗ ಕಿರುಚಿದವರಿದ್ದಾರೆ, ಕೈ ಎತ್ತಿದವರಿದ್ದಾರೆ. "ದೇವರು ಇವರನ್ನು ಬೇಗ ಕರೆದುಕೊಳ್ಳಬಾರದೇ" ಎಂದು ಮನಸ್ಸಿನಲ್ಲಿ ಅಂದುಕೊಂಡು, ಮರುಗಳಿಗೆಯೇ ದೇವರ ಮುಂದೆ ಕೆನ್ನೆಗೆ ಹಾಕಿಕೊಂಡವರಿದ್ದಾರೆ. ಈ ಮಾತು ಹೊರಗೆ ಬರುವುದಿಲ್ಲ. ಬಂದರೆ ನಾವು ತೀರ್ಪು ಕೊಡಲು ಸಾಲಾಗಿ ನಿಲ್ಲುತ್ತೇವೆ. ಕೈ ಎತ್ತುವಷ್ಟು ದಣಿಯುವವರೆಗೆ ಅವರನ್ನು ಒಂಟಿಯಾಗಿ ಬಿಟ್ಟವರು ಯಾರು ಎಂಬ ಪ್ರಶ್ನೆ ಆ ಸಾಲಿನಲ್ಲಿ ಏಳುವುದಿಲ್ಲ.

ದಣಿವು ಮನಸ್ಸಿನಲ್ಲಷ್ಟೇ ನಿಲ್ಲುವುದಿಲ್ಲ. 1999ರಲ್ಲಿ ಅಮೆರಿಕದ ರಿಚರ್ಡ್ ಶುಲ್ಝ್ ಮತ್ತು ಸ್ಕಾಟ್ ಬೀಚ್ ಪ್ರಕಟಿಸಿದ ಅಧ್ಯಯನ ಬಹಳ ಚರ್ಚೆಯಾಯಿತು. ಸಂಗಾತಿಯ ಆರೈಕೆ ಮಾಡುತ್ತ ಒತ್ತಡದಲ್ಲಿದ್ದ ಹಿರಿಯರಲ್ಲಿ ನಾಲ್ಕು ವರ್ಷದೊಳಗೆ ಸಾಯುವ ಸಂಭವ ಇತರರಿಗಿಂತ ಶೇಕಡಾ 63 ಹೆಚ್ಚಿತ್ತು. ಅಮೆರಿಕದ ಯೂಟಾ ರಾಜ್ಯದಲ್ಲಿ 1,221 ದಂಪತಿಗಳನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಂಗಾತಿಗೆ ಡಿಮೆನ್ಷಿಯಾ ಬಂದವರಿಗೆ ತಮಗೂ ಅದು ಬರುವ ಅಪಾಯ ಆರು ಪಟ್ಟು ಕಂಡಿತು. ಇದನ್ನು ಓದಿ ಹೆದರಬೇಕಿಲ್ಲ. ಆರೈಕೆ ಮಾಡುವವರೆಲ್ಲರೂ ಬೇಗ ಸಾಯುವುದಿಲ್ಲ, ಇತರರಿಗಿಂತ ಹೆಚ್ಚು ಕಾಲ ಬದುಕುತ್ತಾರೆ ಎಂದ ಅಧ್ಯಯನವೂ ಆಮೇಲೆ ಬಂದಿದೆ. ಗಮನಿಸಬೇಕಾದ್ದು ಆ "ಒತ್ತಡದಲ್ಲಿದ್ದ" ಎಂಬ ಪದವನ್ನು. ಶುಲ್ಝ್ ಅಧ್ಯಯನದಲ್ಲೇ, ಆರೈಕೆ ಮಾಡಿಯೂ ಒತ್ತಡ ಅನುಭವಿಸದವರಲ್ಲಿ ಆ ಅಪಾಯ ಕಾಣಲಿಲ್ಲ.

ಅಮೆರಿಕದ ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿ ಸಾಂಡ್ರಾ ಡೇ ಓಕಾನರ್ ಅವರ ಬದುಕು ಈ ಅಂಕಿಗಳಿಗಿಂತ ಹೆಚ್ಚು ಹೇಳುತ್ತದೆ. ಗಂಡ ಜಾನ್ ಅವರಿಗೆ ಆಲ್ಝೈಮರ್. ಮನೆಯಲ್ಲಿ ಒಬ್ಬರನ್ನೇ ಬಿಡಲಾಗದೆ ಕೆಲವು ದಿನ ತಮ್ಮ ಕೋರ್ಟಿನ ಕೊಠಡಿಗೇ ಕರೆತಂದು ಕೂರಿಸಿಕೊಳ್ಳುತ್ತಿದ್ದರಂತೆ. 2005ರಲ್ಲಿ ನಿವೃತ್ತಿ ಘೋಷಿಸಿ, ಮುಂದಿನ ವರ್ಷ ಪೀಠದಿಂದ ಇಳಿದರು. ಆದರೂ ಕಡೆಗೆ ಜಾನ್ ಅವರನ್ನು ಆರೈಕೆ ಕೇಂದ್ರಕ್ಕೆ ಸೇರಿಸಬೇಕಾಯಿತು. ಅಲ್ಲಿ ಅವರು ಇನ್ನೊಬ್ಬ ರೋಗಿಯನ್ನು ಪ್ರೀತಿಸತೊಡಗಿದರು, ಕೈ ಹಿಡಿದು ಕೂರುತ್ತಿದ್ದರು. 2007ರಲ್ಲಿ ಮಗ ಟಿವಿಯಲ್ಲಿ ಇದನ್ನು ಹೇಳಿದಾಗ, ಗಂಡ ನೆಮ್ಮದಿಯಾಗಿದ್ದಾನಲ್ಲ ಎಂದು ತಾಯಿಗೆ ಸಂತೋಷವೇ ಆಗಿದೆ ಎಂದ. 2009ರಲ್ಲಿ ಜಾನ್ ತೀರಿಕೊಂಡರು. 2018ರಲ್ಲಿ ಸಾಂಡ್ರಾ ತಮಗೂ ಡಿಮೆನ್ಷಿಯಾ ಇದೆ, ಅದು ಆಲ್ಝೈಮರ್ ಇರಬೇಕು ಎಂದು ಪತ್ರ ಬರೆದು ಸಾರ್ವಜನಿಕ ಬದುಕಿನಿಂದ ಹಿಂದೆ ಸರಿದರು. 2023ರ ಡಿಸೆಂಬರ್ 1ರಂದು ತೀರಿಕೊಂಡರು.

ಎದುರಿಗಿದ್ದೂ ಇಲ್ಲವಾಗುವ ಈ ನಷ್ಟಕ್ಕೆ ಅಮೆರಿಕದ ಕುಟುಂಬ ಚಿಕಿತ್ಸಕಿ ಪಾಲಿನ್ ಬಾಸ್ ಒಂದು ಹೆಸರು ಕೊಟ್ಟಿದ್ದಾರೆ, ಅದರ ಭಾವ "ಅಸ್ಪಷ್ಟ ನಷ್ಟ". ಸತ್ತರೆ ಸೂತಕವಿದೆ, ಹನ್ನೊಂದನೆಯ ದಿನವಿದೆ, ನೆಂಟರು ಬಂದು ಅಳುತ್ತಾರೆ. ಇಲ್ಲಿ ದಿನಕ್ಕಿಷ್ಟು ಎಂದು ಮನುಷ್ಯ ಕರಗುತ್ತಾನೆ, ಯಾವ ಕ್ರಿಯೆಯೂ ಇಲ್ಲ. ಹಣೆಯಲ್ಲಿ ಕುಂಕುಮವಿದೆ, ಗಂಡ ಪಕ್ಕದಲ್ಲೇ ಕೂತಿದ್ದಾನೆ, "ನೀವು ಯಾರಮ್ಮ?" ಎಂದು ಕೇಳುತ್ತಾನೆ. ಆ ಹೆಂಗಸಿನ ದುಃಖಕ್ಕೆ ನಮ್ಮ ಪಂಚಾಂಗದಲ್ಲಿ ಜಾಗವಿಲ್ಲ.

ಇನ್ನೊಂದು ತಾರತಮ್ಯವನ್ನೂ ಹೇಳಿಬಿಡಬೇಕು. ಹೆಂಡತಿಯ ತಲೆ ಬಾಚುವ ಗಂಡನನ್ನು ಬೀದಿಯೇ ಕೊಂಡಾಡುತ್ತದೆ. ಗಂಡನ ಡೈಪರ್ ಬದಲಿಸುವ ಹೆಂಡತಿ ಯಾರ ಕಣ್ಣಿಗೂ ಬೀಳುವುದಿಲ್ಲ, ಅದು ಅವಳ ಧರ್ಮ. ಹೊಗಳಿಕೆ ಸಿಗದಿದ್ದರೆ ಹೋಗಲಿ, ಸಹಾಯವೂ ಸಿಗುವುದಿಲ್ಲ. ಗಂಡಸಿಗೆ ಆಯಾ ಇಟ್ಟುಕೊಡುವ ಮಕ್ಕಳು ತಾಯಿಗೆ, "ನಿನ್ನ ಹಾಗೆ ಬೇರೆ ಯಾರು ನೋಡಿಕೊಳ್ಳುತ್ತಾರೆ" ಎಂಬ ಪ್ರಶಸ್ತಿಪತ್ರ ಕೊಟ್ಟು ಸುಮ್ಮನಾಗುತ್ತಾರೆ.

ಕಾನೂನಿನ ಗಂಟೂ ಇದೆ. ಮಂಗಳೂರಿನಲ್ಲಿ ಹುಟ್ಟಿ ದೇಶದ ರಕ್ಷಣಾ ಸಚಿವರಾಗಿದ್ದ ಜಾರ್ಜ್ ಫರ್ನಾಂಡಿಸ್ ಅವರಿಗೆ ಆಲ್ಝೈಮರ್ ಬಂದಾಗ, ಬಹುಕಾಲದಿಂದ ಬೇರೆಯಾಗಿದ್ದ ಪತ್ನಿ ಲೈಲಾ ಕಬೀರ್ 2010ರಲ್ಲಿ ಮರಳಿ ಆರೈಕೆಯ ಹೊಣೆ ಹೊತ್ತರು. ಸಹೋದರರು, ಹಳೆಯ ಒಡನಾಡಿಗಳು ಒಪ್ಪಲಿಲ್ಲ. ಯಾರು ನೋಡಿಕೊಳ್ಳಬೇಕು, ಯಾರು ಭೇಟಿಯಾಗಬಹುದು ಎಂಬ ವಾದ ಕೋರ್ಟಿಗೆ ಹೋಯಿತು. ಅಷ್ಟು ಮಾತುಗಾರನಾಗಿದ್ದ ನಾಯಕನಿಗೆ ಆಗ ತನ್ನ ಇಷ್ಟ ಹೇಳುವ ಶಕ್ತಿ ಇರಲಿಲ್ಲ. 2019ರ ಜನವರಿಯಲ್ಲಿ ಅವರು ತೀರಿಕೊಂಡರು. ಸಾಮಾನ್ಯರ ಮನೆಯಲ್ಲಿ ಜಗಳ ಇಷ್ಟು ದೊಡ್ಡದಾಗದಿದ್ದರೂ ಪೆನ್ಷನ್ ಖಾತೆಯ ಸಹಿ ಹೊಂದದಿದ್ದಾಗ ಕಷ್ಟ ತಿಳಿಯುತ್ತದೆ. ಬಹಳ ಜನ ನಂಬಿಕೊಂಡಿರುವ ಪವರ್ ಆಫ್ ಅಟಾರ್ನಿ, ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದಾಗ ಕೊನೆಗೊಳ್ಳುತ್ತದೆ. ಭಾರತೀಯ ಕರಾರು ಕಾಯ್ದೆಯ 201ನೇ ಕಲಂ ಹಾಗೆನ್ನುತ್ತದೆ. ಅಂದರೆ ಬೇಕಾದ ಹೊತ್ತಿಗೇ ಕೈಕೊಡುವ ಕಾಗದ ಅದು. ಜಂಟಿ ಖಾತೆ, ನಾಮಿನಿ, ಉಯಿಲು, ಇವನ್ನು ರೋಗ ಗೊತ್ತಾದ ಮೊದಲ ತಿಂಗಳುಗಳಲ್ಲೇ, ಅವರಿಗೆ ತಿಳಿವಳಿಕೆ ಇರುವಾಗಲೇ ಮುಗಿಸಿಕೊಳ್ಳಬೇಕು. ಚಿಕಿತ್ಸೆಯ ವಿಷಯದಲ್ಲಿ ತಮ್ಮ ಪರವಾಗಿ ಯಾರು ನಿರ್ಧರಿಸಬೇಕು ಎಂದು ಮೊದಲೇ ಬರೆದಿಡಲು 2017ರ ಮಾನಸಿಕ ಆರೋಗ್ಯ ಕಾಯ್ದೆ ಅವಕಾಶ ಕೊಡುತ್ತದೆ.

ಹಾಗಾದರೆ ಜೊತೆಗಾರರಿಗೆ ಮದ್ದೇನು? ವಿಚಿತ್ರವೆಂದರೆ ಇದಕ್ಕೆ ಪುರಾವೆ ಇರುವ ಉತ್ತರ ಇದೆ, ಅದು ಅಗ್ಗವೂ ಹೌದು. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಮೇರಿ ಮಿಟಲ್‌ಮನ್ ತಂಡ ಆಲ್ಝೈಮರ್ ರೋಗಿಗಳ ಆರೈಕೆ ಮಾಡುವ 406 ಗಂಡ ಅಥವಾ ಹೆಂಡತಿಯರನ್ನು ಆಯ್ದು, ಅರ್ಧದಷ್ಟು ಮಂದಿಗೆ ಮನೆಯವರನ್ನೂ ಕೂರಿಸಿ ಆರು ಬಾರಿ ಆಪ್ತಸಲಹೆ, ತಮ್ಮಂಥವರ ಗುಂಪು, ಬೇಕೆಂದಾಗ ಫೋನಿನಲ್ಲಿ ಮಾತು, ಇಷ್ಟನ್ನು ಒದಗಿಸಿತು. ಹೊಸ ಔಷಧವೇನೂ ಇಲ್ಲ. ಈ ನೆರವು ಸಿಕ್ಕವರ ಸಂಗಾತಿಗಳು ಉಳಿದವರಿಗಿಂತ ಸುಮಾರು 557 ದಿನ ಹೆಚ್ಚು ಮನೆಯಲ್ಲೇ ಉಳಿದರು ಎಂದು 2006ರಲ್ಲಿ ತಂಡ ವರದಿ ಮಾಡಿತು. ಹತ್ತಿರದ ಗೋವಾದಲ್ಲಿ ಅಮಿತ್ ಡಯಾಸ್, ವಿಕ್ರಮ್ ಪಟೇಲ್ ಮತ್ತಿತರರು 81 ಕುಟುಂಬಗಳೊಂದಿಗೆ ನಡೆಸಿದ ಪ್ರಯೋಗ 2008ರಲ್ಲಿ ಪ್ರಕಟವಾಯಿತು. ವೈದ್ಯರಲ್ಲದ, ತರಬೇತಿ ಪಡೆದ ಸ್ಥಳೀಯರು ಮನೆಗೆ ಹೋಗಿ ಕೂತು ಮಾತಾಡಿದರು, ಕಾಯಿಲೆ ಏನೆಂದು ತಿಳಿಸಿದರು, ಸ್ನಾನ ಊಟ ಹೇಗೆಂದು ಹೇಳಿಕೊಟ್ಟರು. ನೋಡಿಕೊಳ್ಳುವವರ ಮಾನಸಿಕ ಆರೋಗ್ಯ ಸುಧಾರಿಸಿತು. ಆಶಾ ಕಾರ್ಯಕರ್ತೆಯರ ಜಾಲವಿರುವ ನಾಡಿಗೆ ಇದು ಕೈಗೆಟುಕದ ಹಣ್ಣಲ್ಲ.

ಕರ್ನಾಟಕದಲ್ಲಿ ಒಂದಷ್ಟು ಶುರುವಾಗಿದೆ. ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ 2022ರಲ್ಲಿ ಮಿದುಳು ಆರೋಗ್ಯ ಕಾರ್ಯಕ್ರಮ ಆರಂಭಿಸಿತು. ಬೆಂಗಳೂರಿನ ಕಸ್ತೂರಿನಗರದಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಡಿಮೆನ್ಷಿಯಾ ರೋಗಿಗಳಿಗೆಂದೇ ಕೇಂದ್ರ ನಡೆಸುತ್ತಿದೆ. 1992ರಲ್ಲಿ ಕೇರಳದಲ್ಲಿ ಹುಟ್ಟಿದ ಆಲ್ಝೈಮರ್ ಸಂಬಂಧಿತ ಕಾಯಿಲೆಗಳ ಸಂಘಕ್ಕೆ ಬೆಂಗಳೂರಿನಲ್ಲೂ ಶಾಖೆಯಿದೆ. ಎಲ್ಲವೂ ಬೆಂಗಳೂರಿನ ಸುತ್ತಲೇ ಎಂಬ ದೂರು ನ್ಯಾಯವಾದದ್ದು. ಹಗಲು ಎಂಟು ಗಂಟೆ ಬಿಟ್ಟುಹೋಗಬಹುದಾದ ಒಂದು ಕೇಂದ್ರ ತಾಲ್ಲೂಕಿಗೊಂದು ಬೇಡ, ಜಿಲ್ಲೆಗೊಂದಾದರೂ ಇದ್ದಿದ್ದರೆ ಎಷ್ಟೋ ಹೆಂಗಸರು ತಮ್ಮ ಕಣ್ಣಿನ ಪೊರೆಯ ಆಪರೇಷನ್ನನ್ನು ವರ್ಷಗಟ್ಟಲೆ ಮುಂದೂಡುತ್ತಿರಲಿಲ್ಲ.

ಅಲ್ಲಿಯವರೆಗೆ ಮನೆಯವರೇ ಗಂಟೆಗಳನ್ನು ಹಂಚಿಕೊಳ್ಳಬೇಕು. ಅಮೆರಿಕದಲ್ಲಿರುವ ಮಗ ದುಡ್ಡು ಕಳಿಸಲಿ, ಬೇಡವೆನ್ನುವುದಿಲ್ಲ. ರಜೆಗೆ ಬಂದಾಗ ಹತ್ತು ದಿನ ಅಪ್ಪನನ್ನು ತಾನು ನೋಡಿಕೊಂಡು ಅಮ್ಮನನ್ನು ಅವಳ ಅಕ್ಕನ ಮನೆಗೆ ಕಳಿಸಿಕೊಡಲಿ. ಪಕ್ಕದ ಮನೆಯವರು ವಾರಕ್ಕೆ ಒಂದು ಮಧ್ಯಾಹ್ನ ಅವರ ಜೊತೆ ಕೂತು ಪೇಪರ್ ಓದಿ ಹೇಳಲಿ. ಅಷ್ಟರಲ್ಲಿ ಆಕೆ ನಿದ್ದೆ ಮಾಡುತ್ತಾಳೆ.

ಯಾರೂ ಸಿಗದ ಹೊತ್ತಿಗೆ ಎರಡು ಸಂಖ್ಯೆಗಳಿವೆ, ಎರಡಕ್ಕೂ ದುಡ್ಡಿಲ್ಲ, ಎರಡರಲ್ಲೂ ಕನ್ನಡದಲ್ಲೇ ಮಾತಾಡಬಹುದು. ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567 ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ. ಮಾನಸಿಕ ಆರೋಗ್ಯದ ಟೆಲಿ ಮನಸ್ 14416 ದಿನದ 24 ಗಂಟೆಯೂ, ಅಂದರೆ ಅವರು ಚಪ್ಪಲಿ ಮೆಟ್ಟಿ ಬಾಗಿಲ ಬಳಿ ನಿಂತಿರುವ ರಾತ್ರಿ 2 ಗಂಟೆಗೂ.